ಅದೇ ತೋಟಾ, ಮತ್ತೆ ಮತ್ತೆ

ಚುನಾವಣೆ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪರವಾನಗಿದಾರರು ಆಯುಧಗಳನ್ನು ಠಾಣೆಗೆ ಒಪ್ಪಿಸುವ ವಾಡಿಕೆಯುಂಟು. ಪಿಸ್ತೂಲನ್ನು ಬರಿದು ಮಾಡಿ ಕೊಡಬೇಕು. ಮರಳಿ ತಂದ ಮೇಲೆ ಅದೇ ತೋಟಾ ಪುನಃ ನಳಿಗೆಗೆ ಏರುತ್ತದೆ. ಮನೆಯ ರಕ್ಷಣೆಗೆಂದು ರಾತ್ರಿ ತುಂಬಿ ಬೆಳಗ್ಗೆ ತೆಗೆಯುವವರೂ ಇದ್ದಾರೆ. ಪರವಾನಗಿಯಲ್ಲಿ ತೋಟಾಗಳ ಸಂಖ್ಯೆಗೂ ಮಿತಿಯಿರುವುದರಿಂದ ಹಳೆಯದನ್ನೇ ಬಳಸುವುದು ಸಹಜವೇ ಸರಿ.

ಆದರೆ ಪ್ರತಿ ಸಲವೂ ಸ್ಪ್ರಿಂಗಿನ ಬಲದಿಂದ ಸ್ಲೈಡು ಮುನ್ನುಗ್ಗಿ ತೋಟಾದ ಮೂತಿಯನ್ನು ನಳಿಗೆಯ ಬಾಯಿಯ ಇಳಿಜಾರಿಗೆ ಬಡಿಯುತ್ತದೆ. ಹೊಡೆತ ಹೊಡೆತಕ್ಕೂ ಗುಂಡು ಹಿತ್ತಾಳೆಯ ಕೋಶದೊಳಕ್ಕೆ ಕೂದಲೆಳೆಯಷ್ಟು ಸರಿಯಬಹುದು. ಮದ್ದು ಅಷ್ಟೇ, ಜಾಗ ಮಾತ್ರ ಕಡಿಮೆ. ಹಾರಿಸಿದಾಗ ಅನಿಲದ ಒತ್ತಡ ವಿಪರೀತವಾಗಿ ಏರಿ ಪಿಸ್ತೂಲೇ ಒಡೆದೀತು. ರಿವಾಲ್ವರಿಗೆ ಈ ಕಾಟವಿಲ್ಲ. ಅಲ್ಲಿ ತೋಟಾವನ್ನು ಕೈಯಿಂದಲೇ ಇಡುತ್ತಾರೆ.

ಅದೇ ಜಾತಿಯ ಹೊಸ ತೋಟಾದ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ವರ್ನಿಯರ್ ಮಾಪಕವಾದರೆ ಇನ್ನೂ ಮೇಲು (ಕಲಾ ವಿಭಾಗದ ನಮಗೆ ಅದು ಅಪರಿಚಿತ!). ಗಿಡ್ಡವಾಗಿದ್ದರೆ ಹಾರಿಸದೆ, ಪರವಾನಗಿ ಪಡೆದ ವ್ಯಾಪಾರಿಗೆ ಒಪ್ಪಿಸತಕ್ಕದ್ದು.