ಕಾಣುತ್ತೇವೆ ಎನ್ನುವವರ ಕುರುಡು

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಉತ್ತರವನ್ನು ಪತ್ರಿಕೆಯಲ್ಲೇ ಬರೆಯಲು ನೀನು ಒಪ್ಪಿದ್ದು ಒಳ್ಳೆಯದಾಯಿತು. ನೀನು ಕೇಳಿದ್ದನ್ನು ಯಾರಲ್ಲಿಯೂ ಕೇಳಲಾಗದೆ ಒಳಗೊಳಗೇ ಬೇಯುವ ಮಕ್ಕಳು ನಮ್ಮ ಸಭೆಗಳಲ್ಲಿ ಬಹಳ ಇದ್ದಾರೆ. ಅಪ್ಪನ ಗ್ಲಾಕೋಮಾ ಗುಣವಾಗಲೆಂದು ಸ್ವಸ್ಥತೆಯ ಕೂಟಕ್ಕೆ ಕರೆದೊಯ್ದಿರಿ. ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ದೇವರು ಮುಟ್ಟಿದ್ದಾನೆ, ಇನ್ನು ಔಷಧಿ ಹಾಕಿಕೊಂಡರೆ ಅದೇ ಅಪನಂಬಿಕೆ ಎಂದರು. ಅಪ್ಪ ಕಣ್ಣಿನ ಹನಿ ಬಿಟ್ಟುಬಿಟ್ಟರು. ಮುಂದಿನ ತಪಾಸಣೆಯ ಹೊತ್ತಿಗೆ ನೋಟ ಇನ್ನಷ್ಟು ಕುಗ್ಗಿತ್ತು. ಅದನ್ನು ಹೇಳಿದಾಗ, ಮನೆಯಲ್ಲಿ ಯಾರೋ ಸಂಶಯಪಟ್ಟಿದ್ದಾರೆ ಎಂಬ ಉತ್ತರ ಸಿಕ್ಕಿತು. ಆ ಯಾರೋ ನಾನೇ ಎಂದುಕೊಂಡು ನೀನು ರಾತ್ರಿ ನಿದ್ದೆಗೆಡುತ್ತಿದ್ದೀಯ.

ಮೊದಲು ಈ ಹಾಳೆಯನ್ನು ಪಕ್ಕಕ್ಕಿಟ್ಟು ಅಪ್ಪನ ಕಣ್ಣಿನ ಡಾಕ್ಟರಿಗೆ ಫೋನ್ ಮಾಡು. ಹನಿ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳು. ಮಿಷನ್ ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ನರ್ಸಾಗಿ ಆಯುಸ್ಸು ಸವೆಸಿದವಳು ನಾನು, ಈ ಕಾಯಿಲೆಯ ಸ್ವಭಾವ ಗೊತ್ತು. ಸಾಮಾನ್ಯವಾಗಿ ಕಣ್ಣೊಳಗಿನ ದ್ರವ ಸರಿಯಾಗಿ ಹರಿದುಹೋಗದೆ ಒತ್ತಡ ಏರುತ್ತದೆ, ನೋಟವನ್ನು ಮಿದುಳಿಗೆ ಒಯ್ಯುವ ನರ ಸ್ವಲ್ಪಸ್ವಲ್ಪವಾಗಿ ಸಾಯುತ್ತದೆ. ಕಣ್ಣಿನ ಪೊರೆಯಾದರೆ ಆಪರೇಷನ್ ಮಾಡಿ ತೆಗೆಯಬಹುದು, ನೋಟ ಮರಳುತ್ತದೆ. ಇಲ್ಲಿ ಹೋದದ್ದು ಹೋಯಿತು. ಹನಿ ಉಳಿದದ್ದನ್ನು ಕಾಯುತ್ತದೆ, ಅದಕ್ಕೇ ಅದು ಬದುಕಿರುವವರೆಗೂ ಬೇಕು. ಬಹುಪಾಲು ನೋವೂ ಇರುವುದಿಲ್ಲ. ಮೊದಲು ಹೋಗುವುದು ಅಂಚಿನ ನೋಟ, ಕಾಣದ ಜಾಗವನ್ನು ಮಿದುಳು ತಾನೇ ಏನೋ ಒಂದರಿಂದ ತುಂಬಿಸಿಬಿಡುತ್ತದೆ. ಹಾಗಾಗಿ ಅರ್ಧ ನೋಟ ಕಳೆದುಕೊಂಡವರೂ ತಮಗೆ ಚೆನ್ನಾಗಿಯೇ ಕಾಣುತ್ತದೆ ಎಂದು ವಾದಿಸುತ್ತಾರೆ. ಬಾಗಿಲಿಗೆ ಭುಜ ತಗುಲಿದರೆ ಬಾಗಿಲನ್ನು ಬೈಯುತ್ತಾರೆ.

ಅವರ ವಾದ ಕೇಳುವಾಗಲೆಲ್ಲ ನನಗೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ನೆನಪಾಗುತ್ತಿತ್ತು. ಅದನ್ನು ಈ ವಾರ ನಿಧಾನವಾಗಿ ಓದು. 41 ವಚನಗಳ ಆ ಅಧ್ಯಾಯದಲ್ಲಿ ಹುಟ್ಟುಕುರುಡನಿಗೆ ಕಣ್ಣು ಬಂದದ್ದು 6 ಮತ್ತು 7ನೇ ವಚನಗಳಲ್ಲೇ ಮುಗಿದುಹೋಗುತ್ತದೆ. ಮಿಕ್ಕದ್ದೆಲ್ಲ ಅವನ ಸುತ್ತಲಿದ್ದವರಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬ ಕಥೆ. ಶಿಷ್ಯರು ಅವನನ್ನು ನೋಡಿದ ಕೂಡಲೇ ಕೇಳಿದ್ದು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಎಂದು. ಅವರ ಕಣ್ಣೆದುರಿಗೆ ಮನುಷ್ಯ ಕೂತಿದ್ದ, ಅವರಿಗೆ ಕಂಡದ್ದು ಒಂದು ಲೆಕ್ಕ. ಯೇಸುಸ್ವಾಮಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎಂದರು. ನಿಮ್ಮ ಮನೆಯಲ್ಲಿ ಯಾರು ಸಂಶಯಪಟ್ಟರು ಎಂದು ಹುಡುಕಿದವರು ಕೇಳಿದ್ದು ಅದೇ ಹಳೆಯ ಪ್ರಶ್ನೆ ಮಗಳೇ. ಅದಕ್ಕೆ ಉತ್ತರ ಎಂದೋ ಆಗಿಹೋಗಿದೆ.

ಆಮೇಲೆ ನಡೆದದ್ದನ್ನೂ ನೋಡು. ಸ್ವಾಮಿ ನೆಲಕ್ಕೆ ಉಗುಳಿ, ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೊಂಡು ಬಾ ಎಂದು ಕಳಿಸಿದರು. (ಆ ಕೊಳದ ಮೆಟ್ಟಿಲುಗಳು 2004ರಲ್ಲಿ ಯೆರೂಸಲೇಮಿನಲ್ಲಿ ಒಳಚರಂಡಿಯ ಕೆಲಸ ಮಾಡುವಾಗ ಮಣ್ಣಿನಡಿಯಿಂದ ಹೊರಬಂದವು. ಆ ಮನುಷ್ಯ ತಡವುತ್ತಾ ಇಳಿದ ಜಾಗವಿದು ಎಂದುಕೊಂಡರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.) ಅವನು ಕಣ್ಣು ಕೊಡಿರೆಂದು ಕೇಳಿರಲೇ ಇಲ್ಲ. ತನ್ನನ್ನು ಮುಟ್ಟಿದವರು ಯಾರೆಂದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಣ್ಣು ಬಂದ ಮೇಲೆ ನೆರೆಯವರು ಕೇಳಿದಾಗ, ಯೇಸು ಎಂಬ ಮನುಷ್ಯ ಎಂದಷ್ಟೇ ಹೇಳಿದ. ಫರಿಸಾಯರು ಕೆದಕಿದಾಗ ಪ್ರವಾದಿ ಎಂದ. ಇನ್ನೂ ಒತ್ತಿದಾಗ ದೇವರಿಂದ ಬಂದವನು ಎಂದ. ಕೊನೆಗೆ ಅವರು ಅವನನ್ನು ಹೊರಗಟ್ಟಿದ ಮೇಲೆ, ಸ್ವಾಮಿ ತಾವೇ ಅವನನ್ನು ಹುಡುಕಿಕೊಂಡು ಹೋದಾಗ, ಅಡ್ಡಬಿದ್ದ. ಕಣ್ಣು ಮೊದಲು ಬಂತು, ವಿಶ್ವಾಸ ಮೆಟ್ಟಿಲು ಮೆಟ್ಟಿಲಾಗಿ ಹಿಂದಿನಿಂದ ಬಂತು. ವಿಶ್ವಾಸವನ್ನು ಬೆಲೆಯಾಗಿ ತೆತ್ತು ಸ್ವಸ್ಥತೆಯನ್ನು ಪಡೆಯಬೇಕೆಂಬ ಬೋಧನೆಗೆ ಈ ಅಧ್ಯಾಯದಲ್ಲಿ ಕಾಲಿಡಲು ಜಾಗವಿಲ್ಲ.

ಫರಿಸಾಯರನ್ನು ಕೆಟ್ಟವರೆಂದು ಸುಲಭವಾಗಿ ತಳ್ಳಿಹಾಕಬೇಡ. ಅವರು ವಚನ ಬಲ್ಲವರು, ಉಪವಾಸ ಮಾಡುವವರು. ಸಬ್ಬತ್ ದಿನ ಇಂಥದ್ದು ನಡೆಯಕೂಡದು ಎಂಬುದು ಅವರಿಗೆ ಖಚಿತವಾಗಿತ್ತು, ಆದ್ದರಿಂದ ಎದುರಿಗೆ ಬಂದು ನಿಂತ ಎರಡು ತೆರೆದ ಕಣ್ಣುಗಳು ಅವರಿಗೆ ಸಾಕ್ಷಿಯೇ ಆಗಲಿಲ್ಲ. ನಾವೂ ಕುರುಡರೋ ಎಂದು ಅವರು ಕೇಳಿದ್ದಕ್ಕೆ ಸ್ವಾಮಿ ಕೊಟ್ಟ ಉತ್ತರ ನನ್ನನ್ನು ಇಂದಿಗೂ ನಡುಗಿಸುತ್ತದೆ: ಕುರುಡರಾಗಿದ್ದರೆ ಪಾಪವಿರುತ್ತಿರಲಿಲ್ಲ, ಕಾಣುತ್ತೇವೆ ಎನ್ನುವುದರಿಂದಲೇ ಅದು ಉಳಿದಿದೆ ಎಂಬ ಅರ್ಥದ ಮಾತು ಅದು. ಗುಣವಾಗಲೇಬೇಕು ಎಂಬ ಸಿದ್ಧಾಂತ ಗಟ್ಟಿಯಾಗಿಬಿಟ್ಟರೆ, ಗುಣವಾಗದ ರೋಗಿಯೂ ಹಾಗೆಯೇ ಕಾಣದಾಗುತ್ತಾನೆ. ಅವನ ನೋವಿಗಿಂತ ಅವನ ತಪ್ಪು ಬೇಗ ಕಾಣುತ್ತದೆ.

ನಿನ್ನ ವಿಶ್ವಾಸವೇ ನಿನ್ನನ್ನು ಸ್ವಸ್ಥಮಾಡಿತು ಎಂದು ಸ್ವಾಮಿ ಕುರುಡ ಬಾರ್ತಿಮಾಯನಿಗೆ ಹೇಳಲಿಲ್ಲವೇ ಎಂದು ನೀನು ಕೇಳುತ್ತೀಯ. ಹೇಳಿದರು. ಆ ಮಾತನ್ನು ನಾನು ತುಂಬುಹೃದಯದಿಂದ ನಂಬುತ್ತೇನೆ. ಆದರೆ ಸ್ವಾಮಿಯ ಬಳಿಗೆ ಬಂದ ಒಬ್ಬ ರೋಗಿಯನ್ನಾದರೂ ವಿಶ್ವಾಸ ಸಾಲದೆಂದು ಗುಣಮಾಡದೆ ಹಿಂದಕ್ಕೆ ಕಳಿಸಿದ್ದನ್ನು ಆ ಬೋಧಕರು ನಾಲ್ಕು ಸುವಾರ್ತೆಗಳಲ್ಲಿ ತೋರಿಸಲಿ. ಮೂರ್ಛೆಯ ಹುಡುಗನನ್ನು ತಂದ ತಂದೆ, ನಂಬುತ್ತೇನೆ ಎಂದ ಬಾಯಲ್ಲೇ ತನ್ನ ಅಪನಂಬಿಕೆಗೆ ಸಹಾಯ ಬೇಡಿದ, ಮಗ ಗುಣವಾದ. ಅದೇ ಘಟನೆಯನ್ನು ಮತ್ತಾಯನು ಬರೆದ ಸುವಾರ್ತೆಯಲ್ಲಿ ಅಲ್ಪವಿಶ್ವಾಸ ಎಂದು ಗದರಿಸಿಕೊಂಡವರು ಯಾರು ಗೊತ್ತೇ? ಗುಣಮಾಡಲು ಹೋಗಿ ಸೋತ ಶಿಷ್ಯರು. ಹುಡುಗನೂ ಅಲ್ಲ, ಅವನ ಅಪ್ಪನೂ ಅಲ್ಲ. ಯಾಕೋಬನ ಪತ್ರವೂ ರೋಗಿಗೆ ಹೇಳುವುದು ಸಭೆಯ ಹಿರಿಯರನ್ನು ಕರೆಸು ಎಂದಷ್ಟೇ. ಎಣ್ಣೆ ಹಚ್ಚಿ ವಿಶ್ವಾಸದಿಂದ ಪ್ರಾರ್ಥಿಸುವ ಭಾರ ಬಂದವರ ಮೇಲಿದೆ. ಅದನ್ನು ಹಾಸಿಗೆಯಲ್ಲಿ ಮಲಗಿದವನ ಹೆಗಲಿಗೇ ಹೊರಿಸಿ ಎದ್ದುಹೋಗುವುದು ಕ್ರೌರ್ಯ. ಬೇರೆ ಮೃದುವಾದ ಮಾತು ನನಗೆ ಸಿಗುತ್ತಿಲ್ಲ.

ಮಾರ್ಕನು ಬಾರ್ತಿಮಾಯನ ಕಥೆಯನ್ನು ಇಟ್ಟಿರುವ ಜಾಗವನ್ನೂ ಗಮನಿಸು. ಅದಕ್ಕೆ ಸ್ವಲ್ಪ ಮುಂಚೆ ಶಿಷ್ಯರಾದ ಯಾಕೋಬ ಯೋಹಾನರು ಬಂದು ನಿಲ್ಲುತ್ತಾರೆ. ತನ್ನಿಂದ ಏನಾಗಬೇಕು ಎಂದು ಸ್ವಾಮಿ ಅವರನ್ನು ಕೇಳುತ್ತಾರೆ, ಬಾರ್ತಿಮಾಯನನ್ನೂ ಅದನ್ನೇ ಕೇಳುತ್ತಾರೆ. ಜೊತೆಯಲ್ಲೇ ನಡೆದುಬಂದ ಆ ಇಬ್ಬರು ಮಹಿಮೆಯಲ್ಲಿ ಎಡಬಲದ ಪೀಠಗಳನ್ನು ಕೇಳಿದರು. ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದವನು ಕಣ್ಣು ಕೇಳಿದ. ತನಗೆ ಕಾಣುತ್ತಿಲ್ಲ ಎಂಬುದು ಅವನಿಗೊಬ್ಬನಿಗೇ ತಿಳಿದಿತ್ತು.

ಅಪೊಸ್ತಲರೂ ಅವರ ಸಂಗಡಿಗರೂ ಎಲ್ಲ ಗುಣವಾಗಿದ್ದರೇ? ಪೌಲನು ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ, ಕೃಪೆ ಸಿಕ್ಕಿತು. ಸಂಗಡಿಗ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬಂದ. ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ. ವೈದ್ಯನಾದ ಲೂಕನನ್ನು ಪ್ರಿಯನೆಂದು ಕರೆದ. ಇವರಲ್ಲಿ ಯಾರ ವಿಶ್ವಾಸ ಕಡಿಮೆ ಎನ್ನೋಣ?

ಅಮೆರಿಕದ ಜೋನಿ ಎರೆಕ್ಸನ್ ಟಾಡಾ 1967ರಲ್ಲಿ, 17ನೇ ವಯಸ್ಸಿನಲ್ಲಿ ನೀರಿಗೆ ಧುಮುಕಿ ಕತ್ತು ಮುರಿದುಕೊಂಡು, ಭುಜದಿಂದ ಕೆಳಗೆ ಮೈ ಸ್ವಾಧೀನ ತಪ್ಪಿದವರು. ಪ್ರಸಿದ್ಧ ಬೋಧಕಿಯೊಬ್ಬರ ಸ್ವಸ್ಥತೆಯ ಕೂಟಕ್ಕೆ ಹೋದರು, ಹೋದ ಹಾಗೇ ಹಿಂತಿರುಗಿದರು. ಗಾಲಿಕುರ್ಚಿಯವರೆಲ್ಲ ಲಿಫ್ಟಿನ ಮುಂದೆ ಸಾಲಾಗಿ ಕಾದಿದ್ದ ಆ ಹೊತ್ತನ್ನು ಅವರು ಹೇಳಿಕೊಂಡಿದ್ದಾರೆ. ಆಮೇಲೆ ಅದೇ ಗಾಲಿಕುರ್ಚಿಯಿಂದ ಅವರು ಲೋಕದ ಅಂಗವಿಕಲರಿಗಾಗಿ ಸೇವೆ ಕಟ್ಟಿದರು. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ಮೈಕು ಗುಣವಾದವರಿಗೇ ಸಿಗುತ್ತದೆ. ಗುಣವಾಗದೆಯೂ ದೇವರನ್ನು ಬಿಡದ ಅಪ್ಪಂದಿರ, ಅಮ್ಮಂದಿರ ಸಾಕ್ಷಿಯನ್ನು ಒಂದು ಭಾನುವಾರವಾದರೂ ಕೇಳಬೇಕೆಂದು ನನ್ನ ಬಹುಕಾಲದ ಆಸೆ.

ಇಷ್ಟು ಓದಿ, ದೊಡ್ಡಮ್ಮನಿಗೆ ಅದ್ಭುತಗಳಲ್ಲಿ ನಂಬಿಕೆಯಿಲ್ಲ ಎಂದುಕೊಳ್ಳಬೇಡ. ದೇವರು ಮುಟ್ಟುತ್ತಾನೆ. ಆದರೆ ಮುಟ್ಟಿದ್ದಾನೆ ಎಂದು ಸಾರುವ ಮೊದಲು ಪರೀಕ್ಷಿಸಲು ನಾಚಬಾರದು. ಫ್ರಾನ್ಸಿನ ಲೂರ್ದ್‌ನಲ್ಲಿ 1858ರಿಂದ ರೋಗಿಗಳು ಬಂದು ಪ್ರಾರ್ಥಿಸುತ್ತಿದ್ದಾರೆ. ಗುಣವಾಯಿತು ಎಂದವರನ್ನು ವೈದ್ಯರು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆಯೇ ಬಿಷಪ್ಪರು ಮಾತಾಡುತ್ತಾರೆ. ಇಂಥ ಸಾವಿರಾರು ಪ್ರಕರಣಗಳಲ್ಲಿ ಕೆಥೋಲಿಕ ಸಭೆ ಅದ್ಭುತವೆಂದು ಒಪ್ಪಿಕೊಂಡದ್ದು 70ರ ಆಸುಪಾಸು. ಅಷ್ಟು ಕಟ್ಟುನಿಟ್ಟು ದೇವರಿಗೆ ಅವಮಾನ ಎಂದು ಅಲ್ಲಿನ ಭಕ್ತರಿಗೆ ಅನಿಸಿಲ್ಲ. ನಮ್ಮ ನಾಡಿನಲ್ಲೇ ನೋಡು: ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆ 1880ರಲ್ಲಿ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ, ಉಡುಪಿಯ ಲೊಂಬಾರ್ಡ್ ಆಸ್ಪತ್ರೆ 1923ರಲ್ಲಿ ಶುರುವಾದವು. ಕಟ್ಟಿದವರು ಪ್ರಾರ್ಥಿಸುವ ಜನ. ಮದ್ದು ಕೊಡುವುದು ಅಪನಂಬಿಕೆಯಾಗಿದ್ದರೆ ಅವರು ದೂರದೇಶದಿಂದ ಬಂದು ಈ ಮಳೆ, ಮಲೇರಿಯಾಗಳ ನಡುವೆ ಜೀವ ತೇಯುತ್ತಿರಲಿಲ್ಲ.

ಈಗ ಅಪ್ಪನ ವಿಷಯ. ಅವರೊಡನೆ ಜಗಳಕ್ಕೆ ಇಳಿಯಬೇಡ. ಹನಿ ಬಿಟ್ಟದ್ದು ಅವರಿಗೆ ದೇವರಿಗೆ ಕೊಟ್ಟ ಮಾತಿನಂತೆ ಇದೆ, ಮತ್ತೆ ಹಾಕಿಕೊಂಡರೆ ದ್ರೋಹ ಎಂಬ ಹೆದರಿಕೆಯಿದೆ. ಯೋಹಾನ 9 ಅನ್ನು ಅವರ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದು, ಕೆಸರು ಹಚ್ಚಿದ ಕೈಯ ಬಗ್ಗೆ ಅವರೇ ಮಾತಾಡಲಿ. ನಿಮ್ಮ ಸಭೆಯ ಅಯ್ಯನವರನ್ನು ಮನೆಗೆ ಕರೆಸಿ, ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಅವರ ಎದುರಿಗೇ, ಆ ಪ್ರಾರ್ಥನೆಯ ಹೊತ್ತಿನಲ್ಲೇ, ಹನಿಯನ್ನೂ ಹಾಕು. ನೋಟ ಮರಳಲಿ ಎಂದು ಕೇಳಲು ಸಂಕೋಚ ಬೇಡ. ಉತ್ತರ ಇಂಥದ್ದೇ ಇರಬೇಕೆಂದು ದೇವರ ಬಾಯಿಗೆ ಮಾತು ಇಡುವುದು ಮಾತ್ರ ಬೇಡ. ನಿನ್ನ ಸಂಶಯವನ್ನೂ ಆ ಪ್ರಾರ್ಥನೆಯಲ್ಲೇ ಹೇಳಿಕೋ. ಮೂರ್ಛೆಯ ಹುಡುಗನ ಅಪ್ಪ ಹಾಗೆಯೇ ಮಾಡಿದ್ದು.

ಇನ್ನೊಂದು ಮಾತು. ಗ್ಲಾಕೋಮಾ ರಕ್ತಸಂಬಂಧಿಗಳಲ್ಲಿ ಹೆಚ್ಚಾಗಿ ಬರುತ್ತದೆ. ಅಪ್ಪನನ್ನು ಕರೆದುಕೊಂಡು ಹೋದ ದಿನ ನಿನ್ನ ಕಣ್ಣನ್ನೂ ತೋರಿಸು, ಚಿಕ್ಕಪ್ಪನನ್ನೂ ಅತ್ತೆಯನ್ನೂ ಬಿಡದೆ ಎಳೆದುಕೊಂಡು ಹೋಗು. ಎಲ್ಲರ ಕಣ್ಣಿನ ಒತ್ತಡ ಎಷ್ಟೆಷ್ಟಿತ್ತು, ಡಾಕ್ಟರು ಯಾವ ಹನಿ ಬರೆದುಕೊಟ್ಟರು ಎಂದು ನನಗೆ ಕೂಡಲೇ ತಿಳಿಸು.

ನಿನ್ನ ದೊಡ್ಡಮ್ಮ