ಚಕ್ರ ತಿರುಗಿಸಿ, ತೂಕ ಮಾಡಿ, ಆಮೇಲೆ ಬಿತ್ತಿರಿ

ಜೂನ್ 7 ಅಥವಾ 8ಕ್ಕೆ ಮಿರಗ ಕೂಡುತ್ತದೆ. ಆಗ ನಮ್ಮ ಗಡಹಿಂಗ್ಲಜ ಕಡೆ ಎಲ್ಲರಿಗೂ ಅವಸರ. ಮೂರು-ನಾಲ್ಕು ಇಂಚು ಮಳೆ ಆಗಬೇಕು. ಭೂಮಿ ಹದಕ್ಕೆ ಬರಬೇಕು. ಬಂತೆಂದರೆ ಸೋಯಾಬಿನ್ ಬಿತ್ತಲು ತಡ ಮಾಡಬಾರದು. ಹದ ಆರಿದರೆ ಮತ್ತೆ ಮಳೆಯ ದಾರಿ ಕಾಯಬೇಕು.

ಹಿಂದೆ ಎತ್ತಿನ ಕೂರಿಗೆ ಇತ್ತು. ಹೆಣ್ಣುಮಕ್ಕಳು ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುತ್ತಿದ್ದರು. ಎಷ್ಟು ಬಿಡಬೇಕು ಎಂಬುದು ಅವರ ಮುಷ್ಟಿಗೆ ಗೊತ್ತಿತ್ತು. ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ. ಮರಾಠಿಯಲ್ಲಿ ಇದಕ್ಕೆ ಪೇರಣಿ ಯಂತ್ರ ಅನ್ನುತ್ತಾರೆ. ಅದರ ಮೇಲೆ ಎರಡು ಪೆಟ್ಟಿಗೆ. ಒಂದರಲ್ಲಿ ಬೀಜ, ಇನ್ನೊಂದರಲ್ಲಿ ಗೊಬ್ಬರ. ಪಕ್ಕದ ಚಕ್ರ ನೆಲದ ಮೇಲೆ ಉರುಳಿದಂತೆ ಪೆಟ್ಟಿಗೆಯ ಒಳಗಿನ ಹಲ್ಲಿನ ಗಾಲಿಗಳು ತಿರುಗುತ್ತವೆ. ಬೀಜವೂ ಗೊಬ್ಬರವೂ ಪೈಪಿನಲ್ಲಿ ಇಳಿದು ಸಾಲಿಗೆ ಬೀಳುತ್ತವೆ. ಎಷ್ಟು ಬೀಳಬೇಕು ಎಂದು ನಾವೇ ಹೇಳಿಕೊಡಬೇಕು. ಹೇಗೆ ಹೇಳಿಕೊಡುವುದು? ಇದೇ ಇವತ್ತಿನ ಪಾಠ.

ಮೊದಲು ನಮ್ಮ ಮನೆಯ ಕತೆ ಕೇಳಿರಿ.

ನಮ್ಮ ಅಣ್ಣ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಇದ್ದಾನೆ. ಬಿತ್ತನೆಗೆ ನಾಲ್ಕು ದಿನ ರಜೆ ಹಾಕಿ ಬರುತ್ತಾನೆ. ಹೋದ ವರ್ಷವೂ ಬಂದಿದ್ದ. ಬಾಡಿಗೆ ಕೂರಿಗೆ ತರಿಸಿದೆವು. ಬೇರೆ ಯಾರೋ ಗೋಧಿ ಬಿತ್ತಿದ ಅಳತೆ ಅದರಲ್ಲಿ ಹಾಗೇ ಇತ್ತು. ಯಾರೂ ನೋಡಲಿಲ್ಲ. ಎರಡು ಎಕರೆ ಒಂದೇ ಬೆಳಿಗ್ಗೆ ಬಿತ್ತಿ ಮುಗಿಸಿದೆವು. ಎಂಟು ದಿನದ ಮೇಲೆ ಹೊಲ ನೋಡಿದರೆ ಎದೆ ಧಸಕ್ಕೆಂದಿತು. ನಾಲ್ಕು ಸಾಲು ಒತ್ತೊತ್ತಾಗಿ ಎದ್ದಿದ್ದವು. ಪ್ರತಿ ಸುತ್ತಿನಲ್ಲಿ ಮೂರನೇ ಸಾಲು ಮಾತ್ರ ತೆಳುವು. ದಿಬ್ಬದ ಕಡೆ ಅರ್ಧ ಎಕರೆಯಲ್ಲಿ ಮೊಳಕೆಯೇ ಇಲ್ಲ. ಅಲ್ಲಿ ಹಸಿ ಕಡಿಮೆ ಇತ್ತು. ಕೆದರಿ ನೋಡಿದರೆ ಬೀಜದ ಮೈಗೆ ಹತ್ತಿಯೇ ಗೊಬ್ಬರದ ಹರಳು. ಎಳೆ ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿತ್ತು.

ಅಣ್ಣ ಬೀಜದ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದ. ಅರ್ಧ ಎಕರೆ ಮತ್ತೆ ಬಿತ್ತಿದೆವು. ಬೀಜದ ರೊಕ್ಕ ಎರಡು ಸಲ, ಬಾಡಿಗೆ ಎರಡು ಸಲ. ಅಷ್ಟರಲ್ಲಿ ಆರಿದ್ರಾ ಬಂದಿತ್ತು.

ಈ ವರ್ಷ ನಮ್ಮ ವೈನಿ ಸುಮ್ಮನಿರಲಿಲ್ಲ. ವೈನಿ ರಾತ್ರಿ ವರ್ಗಕ್ಕೆ ಬಂದು ಓದು, ಲೆಕ್ಕ ಕಲಿತವರು. "ಬೀಜಾ ಕೆಟ್ಟಿತ್ತೋ, ಕೂರಿಗಿ ಕೆಟ್ಟಿತ್ತೋ, ಮೊದಲ ನೋಡೂಣು," ಅಂದರು.

ಬೀಜದಿಂದ ಶುರು ಮಾಡಿದರು. ಚೀಲಕ್ಕೆ ನೀಲಿ ಚೀಟಿ ಹೊಲಿದಿತ್ತು. ನೀಲಿ ಚೀಟಿ ಅಂದರೆ ಪ್ರಮಾಣಿತ ಬೀಜ. ಅಕ್ಷರ ಮರಾಠಿ, ಇಂಗ್ಲಿಷ್‌ನಲ್ಲಿದ್ದರೂ ಅಂಕಿ ಓದಲು ಬಂದವು. ತೂಕ, ಪರೀಕ್ಷೆ ಮಾಡಿದ ದಿನ, ಮೊಳಕೆಯ ಅಂಕಿ. ಸೋಯಾಬಿನ್ ಬೀಜದಲ್ಲಿ 100ಕ್ಕೆ 70 ಆದರೂ ಮೊಳೆಯಬೇಕು. ವೈನಿ ಚೀಟಿ ನಂಬಿ ಬಿಡಲಿಲ್ಲ. 100 ಕಾಳು ಎಣಿಸಿದರು. ಒದ್ದೆ ಗೋಣಿಚೀಲದ ಮೇಲೆ ಹತ್ತರಂತೆ ಹತ್ತು ಸಾಲು ಇಟ್ಟರು. ಸುತ್ತಿ ನೆರಳಿಗೆ ಇಟ್ಟು ದಿನಾ ನೀರು ಚಿಮುಕಿಸಿದರು. ಏಳನೇ ದಿನ ಬಿಚ್ಚಿ ಎಣಿಸಿದರೆ 74 ಮೊಳಕೆ. ಬೀಜ ಚೆನ್ನಾಗಿದೆ. ಎಕರೆಗೆ 30 ಕಿಲೋ ಸಾಕು. ಒಂದು ವೇಳೆ 60 ಮಾತ್ರ ಮೊಳೆತಿದ್ದರೆ? 30ನ್ನು 70ರಿಂದ ಗುಣಿಸಿ 60ರಿಂದ ಭಾಗಿಸಬೇಕು. ಆಗ 35 ಕಿಲೋ ಬೇಕಾಗುತ್ತಿತ್ತು.

(ಸೋಯಾಬಿನ್ ಕಾಳಿನ ಸಿಪ್ಪೆ ಬಲು ತೆಳು. ಚೀಲ ಎತ್ತಿ ಒಗೆದರೆ ಒಳಗಿನ ಮೊಳಕೆ ಮುರಿಯುತ್ತದೆ. ಚೀಲದ ಮೇಲೆ ಕೂಡಲೂ ಬೇಡಿರಿ.)

ಇನ್ನು ಕೂರಿಗೆ. ಅದನ್ನು ಬಿತ್ತನೆಯ ಹಿಂದಿನ ಸಂಜೆಯೇ ತರಿಸಿದೆವು. ಬೆಳಿಗ್ಗೆ ತಂದರೆ ಟ್ರ್ಯಾಕ್ಟರಿನವನು ತಾಳುವುದಿಲ್ಲ, ಅವನಿಗೆ ಮುಂದಿನ ಹೊಲ ಕಾದಿರುತ್ತದೆ.

ಚಕ್ರದ ಮೇಲೆ ಸುಣ್ಣದ ಗುರುತು ಹಾಕಿ ಅಂಗಳದಲ್ಲಿ ಒಂದು ಸುತ್ತು ಉರುಳಿಸಿದೆವು. ಟೇಪು ಹಿಡಿದರೆ ಒಂದೂವರೆ ಮೀಟರ್. ಹಾಗಾದರೆ 20 ಸುತ್ತಿಗೆ 30 ಮೀಟರ್. ಕೂರಿಗೆಗೆ ಐದು ಸಾಲು. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್. ಐದು ಸಾಲಿನ ಅಗಲ 225 ಸೆಂಟಿಮೀಟರ್, ಅಂದರೆ ಎರಡೂಕಾಲು ಮೀಟರ್. 30ನ್ನು ಎರಡೂಕಾಲರಿಂದ ಗುಣಿಸಿದರೆ 67.5 ಚದರ ಮೀಟರ್. ಇಷ್ಟು ನೆಲವನ್ನು 20 ಸುತ್ತಿನಲ್ಲಿ ಬಿತ್ತುತ್ತದೆ.

ಒಂದು ಎಕರೆ ಅಂದರೆ 4,047 ಚದರ ಮೀಟರ್. ಅದನ್ನು 67.5ರಿಂದ ಭಾಗಿಸಿದರೆ ಹೆಚ್ಚುಕಡಿಮೆ 60. ಅಂದರೆ ಇಂಥ 60 ಪಾಲು ಸೇರಿ ಒಂದು ಎಕರೆ. 30 ಕಿಲೋ ಬೀಜವನ್ನು 60 ಪಾಲು ಮಾಡಿರಿ. ಒಂದು ಪಾಲಿಗೆ ಅರ್ಧ ಕಿಲೋ. ಐದು ಪೈಪಿಗೆ ಹಂಚಿದರೆ ಪೈಪಿಗೆ 100 ಗ್ರಾಂ.

ವೈನಿ ಇದನ್ನೆಲ್ಲ ಪಾಟಿಯ ಮೇಲೆ ಬರೆದರು. ಅಣ್ಣ ದೂರ ನಿಂತು ನೋಡುತ್ತಿದ್ದವನು ಹತ್ತಿರ ಬಂದ. "ಇದು ನಮ್ಮ ಮಗ್ಗದಾಗಿನ ಪಿಕ್ಕಿನ ಲೆಕ್ಕಾನ ಐತಲ್ಲ," ಅಂದ. ಅವನಿಗೆ ಗೊತ್ತು, ಒಂದು ಇಂಚಿನಲ್ಲಿ ಎಷ್ಟು ಎಳೆ ಹೊಡೆಯಬೇಕು ಎಂದು ಮೊದಲೇ ಕಟ್ಟದಿದ್ದರೆ ಇಡೀ ತಾಗಾ ಹಾಳು.

ಕೂರಿಗೆಯನ್ನು ಎತ್ತಿ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟೆವು. ಟ್ರ್ಯಾಕ್ಟರ್ ಬಂದ್ ಮಾಡಿಸಿದೆವು. ಬರೀ ಟ್ರ್ಯಾಕ್ಟರಿನ ಎತ್ತುವ ತೋಳನ್ನು ನಂಬಿ ಕೆಳಗೆ ಕೈ ಹಾಕಬೇಡಿರಿ. ಐದು ಪೈಪಿನ ಬಾಯಿಗೆ ಐದು ಪ್ಲಾಸ್ಟಿಕ್ ಚೀಲ ಕಟ್ಟಿದೆವು. ಪೆಟ್ಟಿಗೆಗೆ ಬೀಜ ಹಾಕಿ, ಸುಣ್ಣದ ಗುರುತು ನೋಡಿ ಎಣಿಸುತ್ತ, ಕೈಯಿಂದ ಚಕ್ರವನ್ನು 20 ಸುತ್ತು ತಿರುಗಿಸಿದೆವು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದೇ ಚೀಲ ತೂಗಿದೆವು.

160, 160, 60, 160, 160.

ಮೂರನೆಯದು 60! ವೈನಿ ಅಣ್ಣನ ಮುಖ ನೋಡಿದರು. "ನೋಡ್ರಿ, ಹೋದ ವರ್ಷದ ಮೂರನೇ ಸಾಲು ಇಲ್ಲಿ ಕುಂತೈತಿ." ಪೈಪು ಬಿಚ್ಚಿ ಕಡ್ಡಿ ಹಾಕಿದೆವು. ಹಳೆಯ ಗೊಬ್ಬರ ಮಣ್ಣಿನ ಜೊತೆ ಕಲ್ಲಾಗಿ ಕೂತಿತ್ತು. ಬೈಸಿಕೊಂಡ ಅಂಗಡಿಯವನದು ಏನೂ ತಪ್ಪು ಇರಲಿಲ್ಲ.

ಪೈಪು ತೊಳೆದ ಮೇಲೆ ಐದರಲ್ಲೂ 160 ಬಂತು. ಒಟ್ಟು 800 ಗ್ರಾಂ. 60ರಿಂದ ಗುಣಿಸಿದರೆ ಎಕರೆಗೆ 48 ಕಿಲೋ. ಹದಿನೆಂಟು ಕಿಲೋ ಹೆಚ್ಚಿಗೆ! ಬೀಜದ ಪೆಟ್ಟಿಗೆಯ ಪಕ್ಕ ಒಂದು ಹಿಡಿಕೆ ಇರುತ್ತದೆ, ಎದುರಿಗೆ ಅಂಕಿಗಳು ಇರುತ್ತವೆ. ಹಿಡಿಕೆ ಸ್ವಲ್ಪ ಸರಿಸಿ ಮತ್ತೆ 20 ಸುತ್ತು. 630 ಗ್ರಾಂ. ಇನ್ನೂ ಸರಿಸಿದೆವು. 510 ಗ್ರಾಂ. ಸಾಕು. ಹಿಡಿಕೆ ನಿಂತ ಅಂಕಿಯನ್ನು ವೈನಿ ಬರೆದಿಟ್ಟುಕೊಂಡರು. ಆದರೆ ಅದೇ ಅಂಕಿ ಮುಂದಿನ ವರ್ಷ ನಡೆಯುತ್ತದೆ ಅನ್ನುವಂತಿಲ್ಲ. ಕಸಬೆ ಡಿಗ್ರಜ ಕೇಂದ್ರದ ಫುಲೆ ಸಂಗಮ ತಳಿಯ ಕಾಳು ದಪ್ಪ, ಹಳೆಯ ಜೆಎಸ್ 335ರ ಕಾಳು ಸಣ್ಣದು. ಕಾಳು ಬದಲಾದರೆ ಮತ್ತೆ ತೂಗಲೇಬೇಕು.

ಗೊಬ್ಬರಕ್ಕೂ ಇದೇ ಲೆಕ್ಕ. ಕೊಲ್ಹಾಪುರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ್ದೆವು. ನಮ್ಮ ಹೊಲಕ್ಕೆ ಎಕರೆಗೆ 60 ಕಿಲೋ ಡಿಎಪಿ ಹಾಕಲು ಹೇಳಿದ್ದರು. 20 ಸುತ್ತಿಗೆ ಒಂದು ಕಿಲೋ, ಪೈಪಿಗೆ 200 ಗ್ರಾಂ. ಗಂಟು ಒಡೆದು, ಒಣಗಿದ್ದನ್ನೇ ಪೆಟ್ಟಿಗೆಗೆ ಹಾಕಿರಿ. ಚೀಲದ ತೂಕವನ್ನೂ ಓದಿರಿ. ಡಿಎಪಿ ಚೀಲ 50 ಕಿಲೋ. ಯೂರಿಯಾ ಚೀಲ 2018ರಿಂದ 45 ಕಿಲೋ. ಹಳೆಯ ರೂಢಿಯಲ್ಲಿ ಚೀಲ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಗೊಬ್ಬರ ಬೀಳುವ ಜಾಗ ಇನ್ನೂ ಮುಖ್ಯ. ಬೀಜದಿಂದ ಎರಡು ಇಂಚು ಪಕ್ಕಕ್ಕೆ, ಎರಡು ಇಂಚು ಕೆಳಕ್ಕೆ ಬೀಳಬೇಕು. ಗೊಬ್ಬರ ಅಂದರೆ ಒಂದು ಥರ ಉಪ್ಪು. ಮೈಗೆ ಹತ್ತಿದರೆ ಬೀಜದ ಬಾಯಿಗೆ ನೀರು ಹೋಗಗೊಡುವುದಿಲ್ಲ, ಎಳೆ ಬೇರನ್ನು ಸುಡುತ್ತದೆ. ಹಸಿ ಕಡಿಮೆ ಇದ್ದಲ್ಲಿ ಇನ್ನೂ ಜೋರು. ದಿಬ್ಬದ ಅರ್ಧ ಎಕರೆ ಹೋದದ್ದು ಹೀಗೆ. ನಟ್ಟು ಸಡಿಲಿಸಿ ಗೊಬ್ಬರದ ಪೈಪಿನ ತುದಿಯನ್ನು ಕೆಳಗಿಳಿಸಿ ಪಕ್ಕಕ್ಕೆ ಕಟ್ಟಿದೆವು.

ಕೆನಡಾ ದೇಶದಲ್ಲಿ ಕೆನೋಲಾ ಎಂಬ ಎಣ್ಣೆಕಾಳು ಬೆಳೆಯುತ್ತಾರೆ. ಅದು ನಮ್ಮ ಸಾಸಿವೆಯ ಬಳಗ. ಎಕರೆಗೆ ಎರಡು ಕಿಲೋದಷ್ಟು ಬೀಜ ಸಾಕು. ಅಲ್ಲಿಯ ಕೂರಿಗೆ ಭಾರೀ ದೊಡ್ಡದು. ದೊಡ್ಡ ಪಂಖದ ಗಾಳಿಯೇ ಬೀಜವನ್ನೂ ಗೊಬ್ಬರವನ್ನೂ ಪೈಪಿನಲ್ಲಿ ತಳ್ಳಿಕೊಂಡು ಹೋಗುತ್ತದೆ. ಅವರೂ ಬಿತ್ತುವ ಮೊದಲು ಬೀಜ ಹಿಡಿದು ತೂಗುತ್ತಾರೆ. ಅವರೂ ಗೊಬ್ಬರವನ್ನು ಬೀಜದಿಂದ ದೂರ ಇಡುತ್ತಾರೆ. ವೈನಿಗೆ ಇದನ್ನು ಹೇಳಿದರೆ, "ಹಂಗಾದರ ನಾವೂ ಅವರೂ ಒಂದ ವರ್ಗದಾಗ ಅದೀವಿ," ಅಂತ ನಕ್ಕರು.

ಬಿತ್ತುವ ದಿನ ಅಣ್ಣ ಕೂರಿಗೆಯ ಹಿಂದೆ ನಡೆದ, ಪೈಪಿನ ಮೇಲೇ ಕಣ್ಣಿಟ್ಟ. ಮೊದಲ ಸುತ್ತಿನಲ್ಲೇ ನಿಲ್ಲಿಸಿ ಸಾಲು ಕೆದರಿದ. ಬೀಜ ಎರಡು ಬೆರಳಿನ ಅಗಲದಷ್ಟು ಆಳದಲ್ಲಿತ್ತು. ಅದಕ್ಕಿಂತ ಆಳ ಹೋದರೆ ಸೋಯಾಬಿನ್ ಮೇಲೆ ಏಳಲಾರದು. ಕೂರಿಗೆ ನೆಲಕ್ಕೆ ಇಳಿದಿರುವಾಗ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಸಬೇಡಿರಿ. ಪೈಪಿನ ಬಾಯಿಗೆ ಮಣ್ಣು ಮೆತ್ತುತ್ತದೆ. ಔಷಧ ಹಚ್ಚಿದ ಬೀಜ ಮುಟ್ಟಿದರೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಉಳಿದ ಬೀಜ ಅಡುಗೆಗೂ ಬೇಡ, ದನಕ್ಕೂ ಬೇಡ.

ಎರಡು ಎಕರೆ ಮುಗಿದಾಗ ಉಳಿದ ಬೀಜ ತೂಗಿದೆವು. 61 ಕಿಲೋ ಹೋಗಿತ್ತು. ಸಂಜೆ ಗೊಬ್ಬರದ ಪೆಟ್ಟಿಗೆ ಖಾಲಿ ಮಾಡಿ, ಐದೂ ಪೈಪು ತೊಳೆದು, ಕೂರಿಗೆ ಮರಳಿ ಕೊಟ್ಟೆವು.

ನಿಮ್ಮ ಕೂರಿಗೆಯನ್ನು ಅಳೆದು ತುಂಬಿರಿ:

ಚಕ್ರದ ಒಂದು ಸುತ್ತು ______ ಮೀಟರ್. 20 ಸುತ್ತಿಗೆ ______ ಮೀಟರ್.
ಎಲ್ಲ ಸಾಲು ಸೇರಿ ಅಗಲ ______ ಮೀಟರ್.
20 ಸುತ್ತಿನಲ್ಲಿ ಬಿತ್ತುವ ನೆಲ ______ ಚದರ ಮೀಟರ್. ಎಕರೆಗೆ ಇಂಥ ______ ಪಾಲು.
ಒಂದು ಪೈಪಿಗೆ ಬೀಳಬೇಕಾದ ಬೀಜ ______ ಗ್ರಾಂ. ಬಿದ್ದದ್ದು ______ ಗ್ರಾಂ.