ನೆಲನೆಲ್ಲಿ ಮತ್ತು ಕಾಮಾಲೆ

ಮುಂಗಾರಿನ ಮಳೆ ನಾಲ್ಕು ದಿನ ಹಿಡಿದು ಸುರಿಯಿತೆಂದರೆ ಹೊಲದ ಬದು, ಹಿತ್ತಲ ಮೂಲೆ, ಶಾಲೆಯ ಆಟದ ಬಯಲಿನ ಅಂಚು ಎಲ್ಲೆಲ್ಲಿಯೂ ಗೇಣುದ್ದದ ಒಂದು ಹಸುರು ಗಿಡ ತಲೆಯೆತ್ತುತ್ತದೆ. ಕಳೆ ಕೀಳುವವರು ಅದನ್ನು ಹೆಸರು ಕೇಳದೆ ಕಿತ್ತೆಸೆಯುತ್ತಾರೆ. ಇದೇ ನೆಲನೆಲ್ಲಿ, ಕಿರುನೆಲ್ಲಿಯೆಂದು ಕರೆಯುವುದೂ ಉಂಟು. ಆಯುರ್ವೇದದಲ್ಲಿ ಇದು ಭೂಮ್ಯಾಮಲಕಿ, ತಾಮಲಕಿ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿದೆ.

ನೆಲ್ಲಿಯ ಮರವೂ ಈ ಕಿರುಗಿಡವೂ ಫಿಲಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಹುಣಸೆಯ ಎಲೆಯನ್ನು ಹೋಲುವ ಇದರ ರಚನೆ ನೋಡುವವರಿಗೆ ಸಂಯುಕ್ತ ಪತ್ರದಂತೆ ತೋರುತ್ತದೆ. ವಾಸ್ತವದಲ್ಲಿ ಅದೊಂದು ಕಿರುಕೊಂಬೆ. ಅದರ ಮೇಲಿನ ಪ್ರತಿಯೊಂದು ಪುಟ್ಟ ಎಲೆಯೂ ಸರಳ ಪತ್ರವೇ. ಕೊಂಬೆಯನ್ನು ಮಗುಚಿ ನೋಡಿದರೆ ಎಲೆಯ ಕಂಕುಳುಗಳಲ್ಲಿ ಸಾಸುವೆಗಿಂತ ತುಸು ದೊಡ್ಡದಾದ ಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಈ ಕಾಯಿ ನೆಲ್ಲಿಯಂತೆ ರಸಭರಿತವಲ್ಲ. ಒಣಗಿ ಸಿಡಿದು ಬೀಜಗಳನ್ನು ಚೆಲ್ಲುತ್ತದೆ. ಸಂಜೆಯಾದೊಡನೆ ಎಲೆಗಳು ಮಡಚಿಕೊಳ್ಳುತ್ತವೆ. ಜೀವಶಾಸ್ತ್ರದ ಉಪಾಧ್ಯಾಯರಿಗೆ ಇದಕ್ಕಿಂತ ಅಗ್ಗವಾದ ಪಾಠೋಪಕರಣ ದೊರೆಯಲಾರದು.

ಕಾಮಾಲೆಗೆ, ಅಂದರೆ ಜನರು ಕಾಮಣಿ ಎನ್ನುವ ರೋಗಕ್ಕೆ, ಈ ಗಿಡವನ್ನು ಬೇರುಸಹಿತ ಅರೆದು ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಬೆರೆಸಿ ಬರಿಹೊಟ್ಟೆಯಲ್ಲಿ ಕೊಡುವುದು ಹಳ್ಳಿಗಳ ರೂಢಿ. ಎಣ್ಣೆ, ಖಾರಗಳನ್ನು ಬಿಡಿಸುವ ಕಟ್ಟುನಿಟ್ಟಾದ ಪಥ್ಯವೂ ಅದರೊಡನೆ ಇರುತ್ತದೆ. ಉರಿಮೂತ್ರಕ್ಕೂ ಇದನ್ನು ಬಳಸುತ್ತಾರೆ. ದಕ್ಷಿಣ ಅಮೆರಿಕದ ಜನರು ಇದರ ಸೋದರ ಗಿಡವೊಂದನ್ನು ಮೂತ್ರಕೋಶದ ಕಲ್ಲಿಗೆ ಔಷಧವೆಂದು ನಂಬಿ ‘ಕಲ್ಲೊಡಕ’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ಈ ಮದ್ದಿನಿಂದ ಕಾಮಾಲೆ ಇಳಿದುದನ್ನು ಕಣ್ಣಾರೆ ಕಂಡವರು ಊರೂರಿನಲ್ಲಿದ್ದಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಾಮಾಲೆ ಒಂದು ಲಕ್ಷಣವೇ ಹೊರತು ಒಂದೇ ರೋಗವಲ್ಲ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಶಮನಗೊಳ್ಳುತ್ತವೆ. ಆಗ ಕೀರ್ತಿ ಮದ್ದಿಗೆ ಸಲ್ಲುತ್ತದೆ. ರಕ್ತದ ಮೂಲಕ, ತಾಯಿಯಿಂದ ಮಗುವಿಗೆ ಬರುವ ‘ಬಿ’ ಬಗೆಯದು ಹಾಗಲ್ಲ; ವರ್ಷಗಟ್ಟಲೆ ದೇಹದಲ್ಲಿ ಅಡಗಿದ್ದು ಯಕೃತ್ತನ್ನು ಕೆಡಿಸಬಲ್ಲದು.

ಈ ‘ಬಿ’ ವೈರಸ್ಸಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ನೆಲನೆಲ್ಲಿಯತ್ತ ಆಕರ್ಷಿತರಾದರು. ಮದರಾಸಿನ ತ್ಯಾಗರಾಜನ್ ಮೊದಲಾದವರು ಬ್ಲೂಮ್‌ಬರ್ಗ್ ಅವರೊಡನೆ ಕೂಡಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಜಗತ್ತಿನ ಗಮನ ಸೆಳೆಯಿತು. ಒಣಗಿಡದ ಪುಡಿಯನ್ನು 30 ದಿನ ಸೇವಿಸಿದ 37 ರೋಗವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು. ಆದರೆ ಥೈಲೆಂಡ್ ಮುಂತಾದೆಡೆ ನಡೆದ ಪರೀಕ್ಷೆಗಳಲ್ಲಿ ಅದೇ ಫಲ ಮತ್ತೆ ಕಾಣಲಿಲ್ಲ. 2011ರ ಕಾಕ್ರೇನ್ ಸಮೀಕ್ಷೆಯೂ ನಂಬಲರ್ಹವಾದ ಆಧಾರ ದೊರೆಯಲಿಲ್ಲವೆಂದೇ ಹೇಳಿತು.

ಗಿಡದ ಗುರುತೂ ಒಂದು ತೊಡಕು. ಹಳೆಯ ಪುಸ್ತಕಗಳು ಇದನ್ನು ಫಿಲಾಂಥಸ್ ನಿರೂರಿ ಎಂದು ಬರೆದವು. ಆ ಹೆಸರಿನ ನಿಜವಾದ ಗಿಡ ಅಮೆರಿಕದ್ದು. ನಮ್ಮಲ್ಲಿ ಹೆಚ್ಚಾಗಿರುವುದು ಫಿಲಾಂಥಸ್ ಅಮಾರಸ್. ಇದನ್ನೇ ಹೋಲುವ ಇನ್ನೂ ಹಲವು ಗಿಡಗಳುಂಟು. ಅವುಗಳಲ್ಲೊಂದರ ಕಾಯಿಯ ಮೈ ಒರಟಾಗಿ ಕೆಂಪು ಛಾಯೆಯದಾಗಿರುತ್ತದೆ. ಅಂಗಡಿಯ ಒಣಪುಡಿಯಲ್ಲಿ ಇವನ್ನು ಬೇರ್ಪಡಿಸಿ ಗುರುತಿಸುವುದು ಸಾಮಾನ್ಯರಿಗೆ ಅಸಾಧ್ಯ.

ಕಣ್ಣು ಹಳದಿಯಾದವರು ಮನೆಮದ್ದು ಕುಡಿದು ಕಾದಿರುವಾಗ ಕಳೆದುಹೋಗುವ ದಿನಗಳೇ ಅಪಾಯದವು. ಗರ್ಭಿಣಿಯರಿಗೆ ‘ಇ’ ಬಗೆಯ ಕಾಮಾಲೆ ಪ್ರಾಣಾಂತಕವಾಗಬಹುದು. ಪಿತ್ತನಾಳ ಕಟ್ಟಿದ್ದರೆ ಶಸ್ತ್ರಕ್ರಿಯೆಯೇ ಬೇಕಾದೀತು. ಮೊದಲು ರಕ್ತಪರೀಕ್ಷೆಯಾಗಬೇಕು. ‘ಬಿ’ ಬಗೆಗಂತೂ ಲಸಿಕೆಯಿದೆ: 2002ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಆರಂಭವಾದ ಅದು 2011ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಮಗು ಹುಟ್ಟಿದ 24 ಗಂಟೆಗಳೊಳಗೆ ಸರಕಾರಿ ಆಸ್ಪತ್ರೆಯಲ್ಲಿ ಅದರ ಮೊದಲ ಚುಚ್ಚುಮದ್ದನ್ನು ಉಚಿತವಾಗಿ ಹಾಕುತ್ತಾರೆ.